ಭಾವನ ಎದುರಿನ ಕುರ್ಚಿ

ಕಮಲಾಪುರದಲ್ಲಿ ನಾವು ಆರೋಗ್ಯ ಸಮೀಕ್ಷೆಗೆಂದು ಮನೆಮನೆಗೆ ಹೋಗಿ ವಯಸ್ಸಾದವರ ಕಾಲಿನ ಬಲ ನೋಡುತ್ತಿದ್ದೆವು. ಕೈ ಊರದೆ ಕುರ್ಚಿಯಿಂದ ಎದ್ದು ತೋರಿಸಬೇಕು. ನೆಲದ ಮೇಲೆ ಕುಳಿತಿದ್ದ ಶಾಂತಮ್ಮ ಕುರ್ಚಿಯ ಹತ್ತಿರವೂ ಬರಲಿಲ್ಲ.

"ಗಂಡನ ಅಣ್ಣ ಎದುರಿಗೇ ಕುಂತಾರ. ನಾ ಹ್ಯಾಂಗ ಕುರ್ಚಿ ಮ್ಯಾಲ ಕುಂದರ್ಲಿ ಯವ್ವಾ?"

ಕಲಬುರಗಿಯಿಂದ ಬಂದಿದ್ದ ನಮ್ಮ ಸಾಹೇಬರು ಗಡಿಯಾರ ನೋಡಿ, "ಕೈ ಊರದೆ ಏಳಲಿಕ್ಕ ಆಗಂಗಿಲ್ಲ ಅಂತ ಬರೀರಿ" ಎಂದರು.

"ಹಂಗ ಬರದ್ರ ಮಗ ನನ್ನ ಬಾಳಿ ತ್ವಾಟಕ್ಕ ಬಿಡಂಗಿಲ್ರೀ!" ಶಾಂತಮ್ಮ ನೆಲದಿಂದ ಸರಕ್ಕನೆ ಎದ್ದು ನಿಂತರು.

ನನಗೆ ಮೈಯೆಲ್ಲ ಉರಿಯಿತು. "ನಾ ಸುಳ್ಳು ಬರೆಯಂಗಿಲ್ರೀ ಸರ್" ಎಂದು ಆ ಹಿರಿಯರ ಕಡೆ ತಿರುಗಿದೆ. "ಮುತ್ಯಾ, ನೀವು ಜರಾ ಹೊರಗ ಹೋಗ್ರಿ."

"ನನ್ನ ಮನ್ಯಾಗ ನನಗೇ ಹೊರಗ ಹೋಗಂತಿ?" ಎಂದು ಬೈಯುತ್ತಲೇ ಭಾವ ತಮ್ಮ ಕುರ್ಚಿಗೆ ಎರಡೂ ಕೈ ಊರಿ, ಏದುಸಿರು ಬಿಡುತ್ತ ಎದ್ದರು.

ಆಮೇಲೆ ಶಾಂತಮ್ಮ ಕುರ್ಚಿ ಪರೀಕ್ಷೆಯನ್ನು ಸಲೀಸಾಗಿ ಮುಗಿಸಿದರು. ಸಾಹೇಬರ ಮಾತೇನೂ ವ್ಯರ್ಥವಾಗಲಿಲ್ಲ. ಅದನ್ನು ಒಂದಕ್ಷರವೂ ಬಿಡದೆ ಭಾವನ ಹೆಸರಿನ ಮುಂದೆ ಬರೆದುಕೊಂಡೆ.