ಬಾಣಂತಿಗೆ ಒಂದು ಕೊಡ ನೀರು

ನಾನು ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. ಮಗ್ಗದ ಸದ್ದಿನ ಮೇಲೆ ಮಾತು ಕೇಳಿಸಬೇಕಾದರೆ ಒದರಲೇಬೇಕು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಉಪ್ಪು ಕೇಳುವುದಕ್ಕೂ ಒದರುತ್ತಿದ್ದೆವು. ಆ ಗಂಟಲು, ಜೊತೆಗೆ ಹುಟ್ಟಿನಿಂದಲೇ ಬಂದ ಸಿಟ್ಟು, ಎರಡನ್ನೂ ಕಟ್ಟಿಕೊಂಡು ನರ್ಸಬಾಯಿಯಾದೆ. ಎಂಬತ್ತರ ದಶಕದ ಆರಂಭದಲ್ಲಿ ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯ ಉಪಕೇಂದ್ರಕ್ಕೆ ನನ್ನನ್ನು ಹಾಕಿದರು. ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಮೇಜು, ಒಂದು ಸ್ಟೋವು, ಕುದಿಸಿದ ಸಿರಿಂಜು ಇಡಲು ಒಂದು ಸ್ಟೀಲಿನ ಡಬ್ಬಿ. ಹೆರಿಗೆ ಮಾಡಿಸುವುದು, ಚುಚ್ಚುಮದ್ದು ಹಾಕುವುದು ನನ್ನ ಕೆಲಸವೆಂದು ಕಾಗದದಲ್ಲಿತ್ತು. ಆದರೆ ಹಾವು ಕಚ್ಚಿದರೂ, ಎತ್ತು ಹಾಯ್ದರೂ, ಒಲೆಯ ಬೆಂಕಿ ಸೀರೆಗೆ ಹತ್ತಿದರೂ ಸುತ್ತಲಿನ ಐದು ಹಳ್ಳಿಯವರು ಮೊದಲು ನನ್ನ ಬಾಗಿಲನ್ನೇ ಬಡಿಯುತ್ತಿದ್ದರು. ಡಾಕ್ಟರು ಇರುವುದು ಶಿರಹಟ್ಟಿಯಲ್ಲಿ. ಅಲ್ಲಿಗೆ ಬಸ್ಸು ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು.

ಮಿರಗದ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಪಕ್ಕದ ಹಳ್ಳಿಯ ರೈತನೊಬ್ಬ ಮೊಣಕಾಲತನಕ ಕೆಸರು ಮೆತ್ತಿಕೊಂಡು ಬಂದು ನಿಂತ.

"ನಮ್ಮ ತಂಗಿ ಬಾಣಂತಿ ಅದಾಳ್ರಿ, ಹೆರಿಗಿ ಆಗಿ ಹದಿನೈದ ದಿನ ಆತು. ನಿನ್ನೆ ಮಧ್ಯಾಹ್ನದಿಂದ ವಾಂತಿ-ಭೇದಿ ಹತ್ತೈತಿ. ಜಲ್ದಿ ಬರ್ರಿ ಬಾಯಾರ."

ಎರಡು ಮೈಲು ದಾರಿ. ಎರೆಮಣ್ಣು ಹಸಿಯಾದರೆ ಹೆಜ್ಜೆಗೆ ಒಂದು ಸೇರು ಅಂಟಿಕೊಳ್ಳುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು, ಚೀಲ ತಲೆಯ ಮೇಲಿಟ್ಟುಕೊಂಡು, ಮಳೆಗೂ ಸರಕಾರಕ್ಕೂ ಬೈಯುತ್ತ ನಡೆದೆ. ನಾವು ಆ ಮನೆ ಮುಟ್ಟುವಷ್ಟರಲ್ಲಿ ಎಂಟರ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಆ ಕೆಸರಿನಲ್ಲಿ ಚಕ್ಕಡಿ ಹೂಡಿದರೆ ಊರ ಹೊರಗೇ ಹುಗಿದು ನಿಲ್ಲುತ್ತಿತ್ತು. ಇನ್ನುಳಿದದ್ದು ಮೂರರ ಬಸ್ಸು.

ಬಾಣಂತಿಯ ಕೋಣೆಗೆ ಕಿಟಕಿಯಿರಲಿಲ್ಲ. ಹೊರಸಿನ ಮೇಲೆ ಆಕೆ, ಹೊರಸಿನ ಕೆಳಗೆ ಕುಳ್ಳಿನ ಕೆಂಡದ ಶಗಡಿ, ಕಿವಿ ತಲೆ ಮುಚ್ಚಿ ಬಿಗಿಯಾಗಿ ಕಟ್ಟಿದ ಬಟ್ಟೆ. ಇಪ್ಪತ್ತು ವರ್ಷ ಇರಬಹುದು, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಕಣ್ಣು ಗುಳಿಬಿದ್ದಿದ್ದವು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೇ ಮಡಿಕೆಯಾಗಿ ನಿಂತಿತು. ನಾಡಿ ಸಿಕ್ಕಿದ್ದೇ ಕಷ್ಟದಿಂದ. ನನ್ನ ಹತ್ತಿರ ಸಲೈನ್ ಬಾಟಲಿ ಇರಲಿಲ್ಲ, ಅದು ಇರುವುದು ಶಿರಹಟ್ಟಿಯ ದವಾಖಾನೆಯಲ್ಲಿ. ಮೂರು ಗಂಟೆಯವರೆಗೆ ಈಕೆಯ ಮೈಗೆ ಬಾಯಿಂದಲೇ ನೀರು ಹೋಗಬೇಕು, ಇಲ್ಲವಾದರೆ ಬಸ್ಸು ಬಂದೂ ಉಪಯೋಗವಿಲ್ಲ.

"ನೀರು ಎಷ್ಟು ಕುಡಿಸೀರಿ?" ಎಂದು ಆಕೆಯ ತಾಯಿಯನ್ನು ಕೇಳಿದೆ. ತಾಯಿ ನನ್ನನ್ನು ತಲೆ ಕೆಟ್ಟವಳನ್ನು ನೋಡುವಂತೆ ನೋಡಿದಳು.

"ಬಾಣಂತಿಗೆ ಯಾರರ ನೀರು ಕೊಡತಾರೇನ್ರಿ? ಒಂದ ಹನಿ ಕೊಟ್ಟಿಲ್ಲ. ಕೊಡೂದೂ ಇಲ್ಲ."

ನಮ್ಮ ಕಡೆ ಇದೇನು ಹೊಸದಲ್ಲ. ನಮ್ಮ ಮನೆಯಲ್ಲೂ ಬಾಣಂತಿಯರಿಗೆ ಊಟವಾದ ಮೇಲೆ ಎರಡು ಗುಟುಕು ಬಿಸಿನೀರು ಸಿಕ್ಕರೆ ಪುಣ್ಯ. ಗಟ್ಟಿಮುಟ್ಟಾದವಳು ಹೇಗೋ ತಡೆದುಕೊಳ್ಳುತ್ತಾಳೆ. ಆದರೆ ಈಕೆ ಕಣ್ಣೆದುರಿಗೇ ಒಣಗುತ್ತಿದ್ದಾಳೆ! ನನಗೆ ಪಿತ್ತ ನೆತ್ತಿಗೇರಿತು.

"ನಿನ್ನ ಮಗಳನ್ನ ನೀನ ಕೊಲ್ಲಾಕತ್ತೀದಿ! ನಡಿ ಹೊರಗ!" ಎಂದು ಒದರಿ, ನನ್ನ ತಾಯಿಯ ವಯಸ್ಸಿನ ಆ ಹೆಂಗಸಿನ ತೋಳು ಹಿಡಿದು ಹೊರಗೆ ಹಾಕಿ ಒಳಗಿನಿಂದ ಅಗಳಿ ಹಾಕಿಕೊಂಡೆ. ದೊಡ್ಡ ಪರಾಕ್ರಮ ಮಾಡಿದೆನೆಂದು ಆಗ ಅನಿಸಿತ್ತು.

ಆಗಷ್ಟೇ ನಮಗೆ ಉಪ್ಪು-ಸಕ್ಕರೆ ಬೆರೆತ ಪುಡಿಯ ಪಾಕೀಟುಗಳು ಬರತೊಡಗಿದ್ದವು. ಚೀಲದಲ್ಲಿ ಒಂದೇ ಇತ್ತು. ಬಾಟಲಿಯಲ್ಲಿ ತಂದಿದ್ದ ಕಾಸಿ ಆರಿಸಿದ ನೀರಿನಲ್ಲಿ ಕಲಸಿ ಚಮಚೆಯಿಂದ ಬಾಯಿಗೆ ಹಿಡಿದೆ. ಹುಡುಗಿ ತುಟಿ ಬಿಗಿಹಿಡಿದಳು. ರಮಿಸಿದೆ, ಗದರಿಸಿದೆ, ಗಲ್ಲ ಒತ್ತಿ ಹಾಕಿದೆ. ಹಾಕಿದ್ದೆಲ್ಲ ಕಟವಾಯಿಯಿಂದ ಇಳಿದು ಕೌದಿ ತೋಯಿಸಿತು. ಹೊರಗೆ ಆಕೆಯ ಕೂಸು ಅಳುವುದು ಕೇಳಿಸುತ್ತಿತ್ತು. ಹೀಗೇ ಒಂದು ತಾಸು ಹೋಯಿತು, ಆಕೆಗಿದ್ದ ಕೆಲವೇ ತಾಸುಗಳಲ್ಲಿ ಒಂದು ತಾಸು. ಕೊನೆಗೆ ಆಕೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಅಂದಳು:

"ಅವ್ವ ಬ್ಯಾಡ ಅಂದಾಳ್ರಿ. ನಮ್ಮಕ್ಕ ನೀರು ಕುಡದ ಸತ್ತಳು."

ಚಮಚೆ ಕೆಳಗಿಟ್ಟೆ. ಆಕೆಯ ಬಾಯಿಯ ಕೀಲಿ ತಾಯಿಯ ಹತ್ತಿರ ಇತ್ತು, ತಾಯಿಯನ್ನು ನಾನೇ ಹೊರಗೆ ಹಾಕಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಗಳಿ ತೆಗೆದು ಹೊರಗೆ ಬಂದರೆ ತಾಯಿ ಪಡಸಾಲೆಯ ಕಟ್ಟೆಯ ಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಅಳುತ್ತಿರಲಿಲ್ಲ, ಅತ್ತು ಮುಗಿಸಿದ ಮುಖ. ನಾನು ಕೆಳಗೆ ನೆಲದ ಮೇಲೆ ಕುಳಿತೆ.

"ತಪ್ಪಾತ ಯವ್ವಾ. ದೊಡ್ಡ ಮಗಳಿಗೆ ಏನ ಆಗಿತ್ತು? ಹೇಳು."

ಆಕೆ ಕೂಸನ್ನೇ ನೋಡುತ್ತ ಹೇಳಿದಳು. "ಹಡದ ಆರನೇ ದಿನ. ಮೈ ಕೆಂಡ ಆಗಿತ್ತು. ನೀರು ನೀರು ಅಂತ ಒಂದ ಸವನ ಬೇಡಿದಳು, ನಾ ಕೊಡಲಿಲ್ಲ. ಕುಳ್ಳು ತರಾಕ ಹಿತ್ತಲಕ್ಕ ಹೋಗಿದ್ದೆ. ತೆವಳಕೋತ ಹೋಗಿ ಕೊಡಕ್ಕ ಬಾಯಿ ಹಚ್ಚಿ ಕುಡದಿದ್ದಳು. ಸಂಜಿ ಅನ್ನೂದರಾಗ ತಣ್ಣಗಾದಳು. ಕಾವಲ ಇರಬೇಕಾಗಿತ್ತು ಅಂತ ಮಂದಿ ಎಲ್ಲಾ ನನ್ನ ಬೈದರು."

"ನೀರು ಕುಡಿಯೂದಕ್ಕಿಂತ ಮೊದಲ ಜ್ವರ ಬಂದಿತ್ತಲ್ಲ?"

"ಬಂದಿತ್ರಿ. ಮೂರು ದಿನ ಮೊದಲ."

"ಹಂಗಾರ ಅಕಿನ್ನ ಒಯ್ದದ್ದು ಜ್ವರ ಯವ್ವಾ. ಹೆರಿಗಿಯೊಳಗ ನಂಜಾಗಿತ್ತು. ನೀರಲ್ಲ."

ಆಕೆ ಕೂಸಿನ ಮೈಮೇಲಿನ ಅರಿವೆ ಸರಿಪಡಿಸಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ ಕೇಳಿದಳು: "ಹಂಗಾರ ಕೇಳಿದಾಗ ಕೊಡಬೇಕಾಗಿತ್ತೇನ್ರಿ ನಾ?"

ನಾನು ಆಕೆಯ ಕೈ ಹಿಡಿದುಕೊಂಡೆ.

"ಒಳಗಿನಾಕಿ ಇನ್ನೂ ಅದಾಳ," ಅಂದೆ. "ನೀ ಕೊಟ್ಟರ ಕುಡೀತಾಳ. ಬಾಣಂತಿಗೆ ನೀವು ಏನ ಕೊಡತೀರಿ, ಅದನ್ನ ಹೇಳು."

"ಅಜವಾನ ಹಾಕಿ ಕುದಿಸಿದ ನೀರು. ಊಟ ಆದ ಮ್ಯಾಲ ಎರಡ ಗುಟುಕು."

"ಅದನ್ನ ಮಾಡು. ಆದರ ಎರಡ ಗುಟುಕಲ್ಲ. ಒಂದ ಕೊಡ."

ಆಕೆ ಎದ್ದ ವೇಗ ನೋಡಬೇಕಾಗಿತ್ತು! ಕೂಸನ್ನು ನನ್ನ ಮಡಿಲಿಗೆ ಹಾಕಿ ಒಲೆಗೆ ಬೆಂಕಿ ಮಾಡಿದಳು. ಅಜವಾನ ನೆಪಕ್ಕೆ ಒಂದು ಚಿಟಿಕೆ ಸಾಕೆಂದು ನಾನೇ ಹೇಳಿದೆ. ನೀರು ಕುದ್ದು ಇಳಿದ ಮೇಲೆ ಸೋಸಿ, ಅಳತೆ ತಪ್ಪದಂತೆ ನಾನು ಉಪ್ಪು ಹಾಕಿದೆ, ಬೆಲ್ಲ ಕರಗಿಸಿದೆ. ಉಪ್ಪು ಹೆಚ್ಚಾಗಬಾರದು, ನಾಲಿಗೆಗೆ ಹಚ್ಚಿ ನೋಡು ಎಂದೆ. ಆಕೆ ನೆಕ್ಕಿ ನೋಡಿ, "ಕಣ್ಣೀರಷ್ಟು ಐತ್ರಿ" ಅಂದಳು. ಅಷ್ಟಿದ್ದರೆ ಸರಿ ಎಂದೆ.

ಶಗಡಿಯನ್ನು ಹೊರಗೆ ಎಳೆಸಿದೆ. ತಾಯಿ ಹೊರಸಿನ ಅಂಚಿಗೆ ಕುಳಿತು ಮಗಳ ತಲೆಯನ್ನು ತೋಳಿನ ಮೇಲಿಟ್ಟುಕೊಂಡಳು.

"ಕುಡಿ ನನ್ನವ್ವ. ನಾನ ಕೊಡಾಕತ್ತೀನಿ."

ಬಾಯಿ ತೆರೆಯಿತು. ಮೊದಲ ಚಮಚೆಗಳು ವಾಂತಿಯಾದವು. ತಾಯಿ ಗಾಬರಿಯಿಂದ ನನ್ನ ಕಡೆ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡು, ಒಂದೊಂದೇ ಚಮಚೆ, ಎಂದೆ. ಒದರದೆ ಹೇಳಿದೆ, ಹಾಗೆ ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಆಕೆ ಕೊಡುತ್ತಲೇ ಹೋದಳು. ಕೈ ಸೋತಾಗ ಇನ್ನೊಂದು ಕೈಗೆ ಚಮಚೆ ಬದಲಿಸಿದಳೇ ಹೊರತು ನನಗೆ ಕೊಡಲಿಲ್ಲ. ಮೊದಲು ಚಮಚೆ, ಆಮೇಲೆ ಸಣ್ಣ ಬಟ್ಟಲಿನಂಥ ವಾಟಗ. ನಾನು ಮೂಲೆಯಲ್ಲಿ ಕೂಸನ್ನು ಹಿಡಿದುಕೊಂಡು ನಾಡಿ ನೋಡುವುದು, ಗಡಿಯಾರ ನೋಡುವುದು ಇಷ್ಟೇ ಮಾಡಿದೆ.

ಎರಡು ಗಂಟೆಯ ಸುಮಾರಿಗೆ ಕೂಸಿಗೆ ಅರಿವೆ ತರಲೆಂದು ಹೊರಗೆ ಬಂದಿದ್ದೆ. ಕಟ್ಟೆಯ ಮೇಲೆ ಹುಡುಗಿಯ ಅಣ್ಣ, ಓಣಿಯ ಹಿರಿಯರು, ಹೊರಸು ಹೊರಲು ಬಂದ ನಾಲ್ವರು, ಎಲ್ಲರೂ ತಲೆ ಕೆಳಗೆ ಹಾಕಿ ಕುಳಿತಿದ್ದರು. ಒಳಗಿನಿಂದ ತಾಯಿ ಸೆರಗಿನ ಹಂಗಿಲ್ಲದೆ ಓಡಿಬಂದಳು.

"ಬಾಯಾರ! ಉಚ್ಚಿ ಹೊಯ್ದಾಳ್ರೀ! ನನ್ನ ಮಗಳು ಉಚ್ಚಿ ಹೊಯ್ದಾಳ!"

ಗಂಡಸರು ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮಾಳಿಗೆ ನೋಡಿದರು. ನಾನು ಕೂಸನ್ನು ಎದೆಗವಚಿಕೊಂಡು ಅತ್ತುಬಿಟ್ಟೆ. ಹಿಂದಿನ ಸಂಜೆಯಿಂದ ಆಕೆಗೆ ಒಂದು ಹನಿ ಮೂತ್ರ ಇಳಿದಿರಲಿಲ್ಲ. ಮೈಗೆ ನೀರು ಹತ್ತಿತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಗುರುತಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಖುಷಿಯ ಖಬರು ನನಗೆ ಮತ್ತೊಬ್ಬರು ತಂದಿಲ್ಲ.

ಹೊರಸಿನ ಸಮೇತ ಹೊತ್ತು ಡಾಂಬರು ರಸ್ತೆಗೆ ಒಯ್ದೆವು. ದೂರದಿಂದಲೇ ನೋಡಿ ಡ್ರೈವರು ಬಸ್ಸು ನಿಲ್ಲಿಸಿಕೊಂಡಿದ್ದ. ಹಿಂದಿನ ಉದ್ದ ಸೀಟಿನವರು ಹೇಳುವ ಮೊದಲೇ ಎದ್ದರು. ಶಿರಹಟ್ಟಿಯವರೆಗೂ ತಾಯಿ ಚರಿಗೆಯಿಂದ ಕುಡಿಸುತ್ತಲೇ ಬಂದಳು. ದವಾಖಾನೆಯಲ್ಲಿ ಸಲೈನ್ ಹಚ್ಚಿದರು, ನಾಲ್ಕನೇ ದಿನ ಹುಡುಗಿ ಕೂಸಿಗೆ ಹಾಲುಣಿಸುತ್ತ ಮನೆಗೆ ಮರಳಿದಳು.

ಎರಡು ವರ್ಷದ ಮೇಲೆ, ಮತ್ತೆ ಮಳೆಗಾಲದಲ್ಲಿ, ಅದೇ ಹಳ್ಳಿಯಿಂದ ಕರೆ ಬಂತು. ಬೇರೆ ಓಣಿ, ಬೇರೆ ಬಾಣಂತಿ, ಅದೇ ವಾಂತಿ-ಭೇದಿ. ಕೆಸರಿನಲ್ಲಿ ಏದುಸಿರು ಬಿಡುತ್ತ ಬಂದು, ಬಾಗಿಲಲ್ಲೇ "ನೀರು ಕೊಟ್ಟೀರೇನು?" ಎಂದು ಒದರಿದೆ. ಒಳಗೆ ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಹೊರಸಿನ ಅಂಚಿಗೆ ಆ ತಾಯಿಯೇ ಕುಳಿತಿದ್ದಳು. ಪಕ್ಕದಲ್ಲಿ ಕೊಡ, ಕೋಣೆಯ ತುಂಬ ಅಜವಾನದ ವಾಸನೆ. ಬಾಣಂತಿಯ ತಲೆ ಆಕೆಯ ತೋಳಿನ ಮೇಲಿತ್ತು, ಅರ್ಧ ಕೊಡ ಆಗಲೇ ಖಾಲಿಯಾಗಿತ್ತು. ನಾಡಿ ನೋಡಿದೆ, ಚೆನ್ನಾಗಿಯೇ ಇತ್ತು.

"ನಾ ಕುಡಿಸಲೇನು?" ಎಂದು ಕೈ ಚಾಚಿದೆ.

ಆಕೆ ವಾಟಗ ಬಿಡಲಿಲ್ಲ.

"ನೀವು ಹೊರಗ ಕುಂಡ್ರಿ ಬಾಯಾರ. ನೀವು ಒದರತೀರಿ, ಹುಡುಗಿ ಅಂಜತಾಳ."

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ.