ವನಜಕ್ಕನ ಹೆಬ್ಬೆರಳು ಮತ್ತು ನಮ್ಮ ಮನೆಯ ವಿಮೆ

ನಮ್ಮ ಮನೆಯ ಅಂಚೆಡಬ್ಬಿಗೆ ಬಂದ ಕಾಗದವೊಂದರಲ್ಲಿ ವನಜಕ್ಕನ ಹೆಸರಿನ ಪಕ್ಕ ‘ಕ್ಲೇಮಂಟ್’ ಎಂದಿತ್ತು. ಕ್ಲೇಮಂಟ್ ಅಂದರೆ ಪರಿಹಾರ ಕೇಳುತ್ತಿರುವವರು. ಅದರ ಕೆಳಗೆ ನನ್ನ ಗಂಡ ಗಿರೀಶನ ಹೆಸರು, ನನ್ನ ಹೆಸರು, ನ್ಯೂಜರ್ಸಿಯ ರಾಬಿನ್ಸ್‌ವಿಲ್‌ನ ನಮ್ಮ ಮನೆಯ ವಿಳಾಸ. ‘ನಿಮ್ಮ ನಾಯಿಯಿಂದಾದ ಗಾಯದ ಬಗ್ಗೆ’ ಎಂದು ಶುರುವಾಗುವ ಎರಡು ಪ್ಯಾರಾ. ಹನ್ನೊಂದು ವರ್ಷದಿಂದ ನಾನು ಅಕ್ಕ ಎಂದು ಕರೆಯುತ್ತಿದ್ದವರು, ನನ್ನ ಬಾಣಂತನ ಮಾಡಿದವರು, ಗುರುತಿಲ್ಲದ ಯಾವುದೋ ಕಚೇರಿಯ ಕಾಗದದಲ್ಲಿ ನನ್ನ ಎದುರು ಪಕ್ಷವಾಗಿ ನಿಂತಿದ್ದರು. ಡ್ರೈವ್‌ವೇನಲ್ಲಿ ನಿಂತುಕೊಂಡೇ ಅದನ್ನು ಮೂರು ಸಲ ಓದಿದೆ.

ವನಜಕ್ಕ ಹಾಸನದ ಕಡೆಯವರು. ನಾನು ದಾವಣಗೆರೆಯಿಂದ ಬಂದ ಮೊದಲ ಚಳಿಗಾಲದಲ್ಲಿ, ಜರ್ಸಿ ಸಿಟಿಯ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ, ಬಟ್ಟೆ ಒಗೆಯುವ ಮಿಷಿನ್ನಿನ ಮುಂದೆ ಏನೂ ತೋಚದೆ ನಿಂತಿದ್ದಾಗ ಹಿಂದಿನಿಂದ “ಯಾವೂರಮ್ಮ ನಿಂದು?” ಎಂಬ ದನಿ ಕೇಳಿಸಿತ್ತು. ನಾನು ಕನ್ನಡದವಳೆಂದು ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದಾಗ, ಮಿಷಿನ್ನಿಗೆ ಬೈಯುತ್ತಿದ್ದುದು ಕೇಳಿಸಿತು ಎಂದರು. ಅವರ ಯಜಮಾನರು ನಾಗರಾಜ್ ಅಂಕಲ್ ಬ್ಯಾಂಕೊಂದರ ಕಚೇರಿಯಲ್ಲಿದ್ದರು. ವನಜಕ್ಕ ಮನೆಯಲ್ಲೇ ನಮ್ಮವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದರು. ನನ್ನ ಹೆರಿಗೆಯ ಹೊತ್ತಿಗೆ ಅಮ್ಮನಿಗೆ ವೀಸಾ ಸಿಗಲಿಲ್ಲ. ನಲವತ್ತು ದಿನ ವನಜಕ್ಕ ಬಂದು ಮಗುವಿಗೆ ಎಣ್ಣೆ ನೀರು ಹಾಕಿದರು. ಒಂದು ದಿನ ಸಾಂಬ್ರಾಣಿ ಹೊಗೆಗೆ ಫೈರ್ ಅಲಾರಂ ಹೊಡೆದುಕೊಂಡು ಇಡೀ ಮಹಡಿಯವರು ಕೆಳಗಿಳಿದರು. ಹೆಲ್ಮೆಟ್ ಹಾಕಿಕೊಂಡು ಬಂದ ಅಗ್ನಿಶಾಮಕದವರಿಗೆ ವನಜಕ್ಕ, ಮಗುವಿನ ತಲೆ ಒಣಗಿಸುತ್ತಿದ್ದೆವು ಎಂದು ತಮ್ಮ ಇಂಗ್ಲಿಷಿನಲ್ಲಿ ಸಮಾಧಾನವಾಗಿ ವಿವರಿಸಿದ್ದರು.

ಮಗಳು ಅನ್ವಿಗೆ ಆರು ವರ್ಷವಾದಾಗ ನಾವು ರಾಬಿನ್ಸ್‌ವಿಲ್‌ನಲ್ಲಿ ಮನೆ ಕೊಂಡೆವು. ಇಲ್ಲಿ ‘ಹೋಮ್‌ಓನರ್ಸ್ ಇನ್ಶೂರೆನ್ಸ್’ ಇಲ್ಲದೆ ಬ್ಯಾಂಕು ಸಾಲವನ್ನೇ ಕೊಡುವುದಿಲ್ಲ. ಬೆಂಕಿ ಬಿದ್ದರೆ, ಮರ ಉರುಳಿದರೆ ಮಾತ್ರವಲ್ಲ, ನಮ್ಮ ಅಂಗಳದಲ್ಲಿ ಬೇರೆ ಯಾರೋ ಜಾರಿ ಬಿದ್ದು ಕಾಲು ಮುರಿದುಕೊಂಡರೂ ಅದಕ್ಕೆ ನಾವೇ ಹೊಣೆ, ನಮ್ಮ ಪರವಾಗಿ ವಿಮೆಯವರು ತೆರುತ್ತಾರೆ. ಆ ಕಾಗದಗಳಿಗೆ ಓದದೆ ಸಹಿ ಮಾಡಿದ್ದೆ. ಮರುವರ್ಷ ಅನ್ವಿಯ ಹಟಕ್ಕೆ ಶೆಲ್ಟರಿನಿಂದ, ಅಂದರೆ ಬಿಟ್ಟುಹೋದ ಪ್ರಾಣಿಗಳನ್ನು ಸಾಕುವ ಜಾಗದಿಂದ, ಒಂದು ಕಂದು ನಾಯಿ ತಂದೆವು. ಕೋಕೋ ಎಂದು ಹೆಸರಿಟ್ಟಳು.

ಅದು ಕಚ್ಚಿದ್ದು ಯುಗಾದಿಯ ಮಧ್ಯಾಹ್ನ. ವನಜಕ್ಕ ಅನ್ವಿಗೆ ಹೊಲಿದ ಲಂಗ ಹಿಡಿದುಕೊಂಡು ಬಂದರು. ಅಂಕಲ್ ಇನ್ನೂ ಕಾರು ನಿಲ್ಲಿಸುತ್ತಿದ್ದರು. ಬಾಗಿಲಲ್ಲೇ ನಿಂತು, “ಸುಮಾ, ಅದನ್ನ ಸ್ವಲ್ಪ ರೂಮಿಗೆ ಹಾಕ್ತೀಯಾ?” ಅಂದರು. ನಾನು, “ಏನೂ ಮಾಡಲ್ಲ ಬನ್ನಿ ಅಕ್ಕ, ಪಾಪದ್ದು” ಅಂದೆ. ಊಟದ ನಡುವೆ ಅನ್ವಿಯ ತಟ್ಟೆಯಿಂದ ಹೋಳಿಗೆಯ ತುಂಡೊಂದು ಕೆಳಗೆ ಬಿತ್ತು. ಯಾರಾದರೂ ತುಳಿದಾರೆಂದು ವನಜಕ್ಕ ಬಗ್ಗಿ ಎತ್ತಿಕೊಳ್ಳಲು ಹೋದರು. ಕೋಕೋ ಅವರ ಬಲಗೈಯ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು, ಬಿಡಲಿಲ್ಲ. ಗಿರೀಶ ಅದರ ದವಡೆ ಬಿಡಿಸಬೇಕಾಯಿತು. ವನಜಕ್ಕ ಕಿರುಚಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು, ಮಗುವನ್ನು ಆಚೆ ಕರೆದುಕೊಂಡು ಹೋಗಿ ಎಂದಷ್ಟೇ ಹೇಳಿದರು.

ಆಸ್ಪತ್ರೆಯಲ್ಲಿ ನರ್ಸ್ ಗಾಯ ತೊಳೆಯುತ್ತಲೇ ಕೇಳಿದ್ದು, ನಾಯಿ ಯಾರದು, ಮನೆಯ ವಿಳಾಸ ಏನು ಎಂದು. ಚಿಕ್ಕವಳಿದ್ದಾಗ ದಾವಣಗೆರೆಯಲ್ಲಿ ನನಗೂ ನಾಯಿ ಕಚ್ಚಿತ್ತು. ಅಮ್ಮ ಸರ್ಕಾರಿ ಆಸ್ಪತ್ರೆಗೆ ಸೂಜಿ ಹಾಕಿಸಲು ಕರೆದೊಯ್ದಳು. ಓಣಿಯವರೆಲ್ಲ ಬಂದು ನೋಡಿಕೊಂಡು ಹೋದರು. ಆ ನಾಯಿ ಯಾರದೆಂದು ಒಬ್ಬರೂ ಕೇಳಲಿಲ್ಲ, ಅದು ಓಣಿಯದು. ಇಲ್ಲಿ ಮರುದಿನವೇ ಊರಿನ ಆರೋಗ್ಯ ಇಲಾಖೆಯವನೊಬ್ಬ ಬಂದು ಕೋಕೋನ ಲಸಿಕೆಯ ಕಾಗದ ನೋಡಿದ, ಹತ್ತು ದಿನ ಮನೆಯಿಂದ ಹೊರಗೆ ಬಿಡಬೇಡಿ ಎಂದ. ಒಳ್ಳೆಯವನೇ, ಆದರೆ ನಾನು ಹೇಳಿದ್ದನ್ನೆಲ್ಲ ಬರೆದುಕೊಂಡ. ನಾನು ಮಾತು ಅಳೆದು ಆಡಲು ಶುರುಮಾಡಿದ್ದು ಅವತ್ತಿನಿಂದ.

ಮೊದಲ ಎರಡು ವಾರ ದಿನವೂ ಫೋನ್ ಮಾಡಿದೆ, ಎರಡು ಸಲ ಸಾರು ಪಲ್ಯ ಮಾಡಿಕೊಂಡು ಹೋಗಿಬಂದೆ. ಆಮೇಲೆ ಬಂತು ಈ ಕಾಗದ.

ಗಿರೀಶ ನಮ್ಮ ವಿಮೆಯವರಿಗೆ ಫೋನ್ ಮಾಡಿದ. ಅವರು ಒಬ್ಬ ಅಡ್ಜಸ್ಟರನ್ನು ನೇಮಿಸಿದರು. ನಡೆದದ್ದನ್ನು ವಿಚಾರಿಸಿ, ಎಷ್ಟು ಕೊಡಬೇಕೆಂದು ತೀರ್ಮಾನಿಸುವ ವಿಮೆ ಕಂಪನಿಯ ಮನುಷ್ಯ ಆತ. ವಿಚಾರಣೆ ಮುಗಿಯುವವರೆಗೆ ಆ ಕಡೆಯವರ ಜೊತೆ ಈ ವಿಷಯ ಮಾತಾಡದಿರುವುದು ಒಳ್ಳೆಯದು ಎಂದ. ಆ ಕಡೆಯವರು! ಲಾಂಡ್ರಿ ರೂಮಿನಿಂದ ನನ್ನನ್ನು ನೇರ ತಮ್ಮ ಅಡುಗೆಮನೆಗೆ ಕರೆದೊಯ್ದು ಅನ್ನ ಸಾರು ಬಡಿಸಿದವರು ಆ ಕಡೆಯವರಾದರು.

ಮೂರನೆಯ ದಿನ ಅವನು ನನ್ನ ಹೇಳಿಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ನಯವಾದ ದನಿ. ನಾಯಿ ತಿನ್ನಲು ಹೋದದ್ದಕ್ಕೆ ಅವರು ಕೈ ಹಾಕಿದರೇ ಎಂದ. ಹೌದು ಎಂದೆ. ಅದು ಸುಳ್ಳೇನಲ್ಲ. ಆಮೇಲೆ, ನಾಯಿಯನ್ನು ಬೇರೆ ಕಡೆ ಕೂಡಿಹಾಕಿ ಎಂದು ಅವರು ಕೇಳಿಕೊಂಡಿದ್ದರೇ ಎಂದ. ಬಾಗಿಲಲ್ಲಿ ಲಂಗದ ಚೀಲ ಹಿಡಿದು ನಿಂತ ವನಜಕ್ಕ ಕಣ್ಣಿಗೆ ಕಟ್ಟಿದರು. ಹೌದೆಂದರೆ ವಿಮೆ ರದ್ದಾದೀತು, ಬ್ಯಾಂಕಿನವರು ತಿರುಗಿ ಬಿದ್ದಾರು, ನಾಯಿಯನ್ನು ಕೊಲ್ಲಿಸಿಯಾರು. ಯಾವುದು ನಿಜ, ಯಾವುದು ನನ್ನ ಭಯ ಎಂದು ಗೊತ್ತಿರಲಿಲ್ಲ.

“ನೆನಪಿಲ್ಲ” ಎಂದೆ.

ಆಮೇಲೆ ನನ್ನೊಳಗೆ ಕೆಟ್ಟ ಕೆಲಸವೊಂದು ಶುರುವಾಯಿತು. ಹನ್ನೊಂದು ವರ್ಷದ ಗೆಳೆತನವನ್ನು ಹಿಂದಕ್ಕೆ ಓದತೊಡಗಿದೆ. ಗೃಹಪ್ರವೇಶದ ದಿನ ವನಜಕ್ಕ ಮನೆಯ ಬೆಲೆ ಕೇಳಿದ್ದರು, ಯಾಕೆ? ಇನ್ಶೂರೆನ್ಸ್ ಎಲ್ಲ ಸರಿಯಾಗಿ ಮಾಡಿಸಿದ್ದೀರಾ ಎಂದು ಅಂಕಲ್ ಗಿರೀಶನನ್ನು ಕೇಳಿದ್ದರು, ಯಾಕೆ? ವಾಟ್ಸಾಪಿನಲ್ಲಿ ಅವರ ಫೋಟೊ ಕಾಣದಾದಾಗ ಯಾರೋ ವಕೀಲರು ತೆಗೆಸಿರಬೇಕು ಅಂದುಕೊಂಡೆ. ಫೋನ್ ಮಾಡುವುದನ್ನು ನಾನೇ ನಿಲ್ಲಿಸಿದ್ದೆ. ಆದರೂ ಅವರು ಮಾಡುತ್ತಿಲ್ಲ ಎಂಬುದನ್ನು ಅವರ ವಿರುದ್ಧ ಸಾಕ್ಷಿಯಾಗಿ ಇಟ್ಟುಕೊಂಡೆ. ದೇವಸ್ಥಾನದಲ್ಲಿ ಸಿಕ್ಕ ಪರಿಚಯದ ಆಂಟಿಯೊಬ್ಬರು, ಇಲ್ಲಿ ಫ್ರೆಂಡ್‌ಶಿಪ್ ಬೇರೆ, ಕ್ಲೇಮ್ ಬೇರೆ, ತಲೆ ಕೆಡಿಸಿಕೊಳ್ಳಬೇಡ ಎಂದರು. ಅವರೇ ವನಜಕ್ಕನಿಗೆ ಇದನ್ನು ಹೇಳಿಕೊಟ್ಟಿರಬಹುದೇ ಎಂದು ಕಾರಿನಲ್ಲಿ ಬರುವಾಗ ಯೋಚಿಸಿದೆ.

ಈ ಅನುಮಾನವನ್ನು ಮೊದಲು ಒಡೆದದ್ದು ಅನ್ವಿ. ಅವಳು ನನಗೆ ತಿಳಿಯದಂತೆ ತನ್ನ ಐಪ್ಯಾಡಿನಿಂದ ವನಜಕ್ಕನಿಗೆ, ಅವಳ ಬಾಯಲ್ಲಿ ಅಜ್ಜಿಗೆ, ವಿಡಿಯೊ ಕಾಲ್ ಮಾಡುತ್ತಿದ್ದಳು. ಒಂದು ದಿನ ತಿಂಡಿ ತಿನ್ನುತ್ತಾ, ಅಜ್ಜಿ ಯಾಕೆ ಬರುತ್ತಿಲ್ಲ ಗೊತ್ತಾ ಎಂದು ತಾನೇ ಇಂಗ್ಲಿಷಿನಲ್ಲಿ ಶುರುಮಾಡಿದಳು. “ಶಿ ಥಿಂಕ್ಸ್ ಯು ಆರ್ ಮ್ಯಾಡ್ ಅಟ್ ಹರ್.” ನನಗೆ ಅವರ ಮೇಲೆ ಕೋಪ ಅಂದುಕೊಂಡಿದ್ದರಂತೆ.

ಮರುದಿನ ಕೆಲಸಕ್ಕೆ ರಜೆ ಹಾಕಿ ಜರ್ಸಿ ಸಿಟಿಗೆ ಟ್ರೈನ್ ಹತ್ತಿದೆ. ಅಷ್ಟಾದರೂ ಅನುಮಾನ ಬಿಟ್ಟಿರಲಿಲ್ಲ. ಮಗುವಿನ ಬಾಯಲ್ಲಿ ಹೇಳಿ ಕಳಿಸಿದ್ದೂ ಒಂದು ಉಪಾಯವಿರಬಹುದು ಎಂದು ನ್ಯೂವಾರ್ಕ್ ದಾಟುವವರೆಗೂ ಅನ್ನಿಸುತ್ತಿತ್ತು.

ಬಾಗಿಲು ತೆರೆದವರು ನಾಗರಾಜ್ ಅಂಕಲ್. ನಾನು ಕೂರುವ ಮೊದಲೇ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮುಖ ಬಣ್ಣಗೆಟ್ಟಿತು. ಒಳಗೆ ಹೋಗಿ ಇನ್ನೊಂದು ಕಾಗದ ತಂದರು. ಅವರ ಕಂಪನಿಯ ಆರೋಗ್ಯ ವಿಮೆಯವರು ಕಳಿಸಿದ ಪ್ರಶ್ನಾವಳಿಯ ಪ್ರತಿ. ಗಾಯ ಎಲ್ಲಾಯಿತು, ಯಾರ ಮನೆಯಲ್ಲಿ, ಯಾವ ಪ್ರಾಣಿಯಿಂದ ಎಂಬ ಪ್ರಶ್ನೆಗಳು. ಉತ್ತರಿಸದಿದ್ದರೆ ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ ಎಂದಿತ್ತು. ಅಂಕಲ್ ಇದ್ದದ್ದನ್ನು ಇದ್ದಂತೆ ತುಂಬಿ ಕಳಿಸಿದ್ದರು. ಅಷ್ಟೇ ಅವರು ಮಾಡಿದ್ದು. ಆ ಕಂಪನಿ ತಾನು ಕಟ್ಟಿದ ಬಿಲ್ಲನ್ನು ನಮ್ಮ ಮನೆಯ ವಿಮೆಯಿಂದ ವಸೂಲಿ ಮಾಡಲು ತಾನೇ ಹೊರಟಿತ್ತು. ಅದಕ್ಕೆ ಇಲ್ಲಿ ‘ಸಬ್ರೊಗೇಶನ್’ ಎನ್ನುತ್ತಾರೆ, ಗಾಯಗೊಂಡವರ ಜಾಗದಲ್ಲಿ ವಿಮೆ ಕಂಪನಿ ನಿಂತು ಕೇಳುವುದು. ವನಜಕ್ಕನ ಹೆಸರು ಬಳಸಲು ವನಜಕ್ಕನನ್ನು ಯಾರೂ ಕೇಳಿರಲಿಲ್ಲ.

ಅವರು ಅಡುಗೆಮನೆಯಿಂದ ಬಂದರು. ಹೆಬ್ಬೆರಳಿಗೆ ಪಟ್ಟಿ ಇರಲಿಲ್ಲ, ಆದರೆ ಅದು ಬಾಗುತ್ತಿರಲಿಲ್ಲ. ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದರು. ಹೊಲಿಗೆ ಮಿಷಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು.

ನಾನು ಎಲ್ಲವನ್ನೂ ಹೇಳಿದೆ. ನೆನಪಿಲ್ಲ ಎಂದದ್ದನ್ನೂ.

ವನಜಕ್ಕ ನನ್ನೆದುರು ಕೂತರು. “ನನಗೂ ಫೋನ್ ಮಾಡಿದ್ದ ಅವನು. ನಾಯೀನ ಕಟ್ಟಿಹಾಕು ಅಂತ ಕೇಳಿದ್ರಾ ಅಂದ. ಇಲ್ಲಪ್ಪ, ಕೇಳಲೇ ಇಲ್ಲ ಅಂದೆ” ಎಂದರು. ಲೋಟವನ್ನು ನನ್ನ ಮುಂದಿಟ್ಟು, “ಕೇಳಿದ್ದೆ ಅಂದ್ರೆ ನಿಂಗೆ ತೊಂದರೆ ಆಗುತ್ತೇನೋ ಅಂತ” ಎಂದರು.

ನಾವಿಬ್ಬರೂ ಒಬ್ಬನೇ ಮನುಷ್ಯನಿಗೆ ಒಂದೇ ವಿಷಯದಲ್ಲಿ ಸುಳ್ಳು ಹೇಳಿದ್ದೆವು. ಅವರು ಹೇಳಿದ್ದು ನನಗಾಗಿ, ನಾನು ಹೇಳಿದ್ದು ನನಗಾಗಿ.

“ಒಂದು ಫೋನ್ ಮಾಡಿ ಕೇಳಬಹುದಿತ್ತು ಸುಮಾ ನೀನು” ಎಂದರು. ಬೈದದ್ದು ಅಷ್ಟೇ. ಆಮೇಲೆ ಊಟಕ್ಕೆ ಏಳು ಎಂದರು. ಉಪ್ಪಿನಕಾಯಿಯ ಬಾಟಲಿಯ ಮುಚ್ಚಳ ಅವರಿಂದ ತೆಗೆಯಲಾಗಲಿಲ್ಲ, ನಾನು ತೆಗೆದುಕೊಟ್ಟೆ.

ಮನೆಗೆ ಬಂದವಳೇ ಅಡ್ಜಸ್ಟರನಿಗೆ ಫೋನ್ ಮಾಡಿ, ನನ್ನ ಹೇಳಿಕೆ ತಿದ್ದಬೇಕು, ಅವರು ಕೇಳಿಕೊಂಡಿದ್ದರು, ನಾನೇ ಕೂಡಿಹಾಕಲಿಲ್ಲ, ನನ್ನನ್ನು ಉಳಿಸಲೆಂದೇ ಅವರು ‘ಕೇಳಲಿಲ್ಲ’ ಅಂದಿದ್ದಾರೆ ಎಂದೆ. ಅವನು ಟೈಪ್ ಮಾಡುವ ಸದ್ದು ಕೇಳಿಸಿತು. ಬರೆದುಕೊಳ್ಳುತ್ತೇನೆ ಎಂದ. ಆದರೆ ಅದರಿಂದ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ, ನ್ಯೂಜರ್ಸಿಯಲ್ಲಿ ಮನೆಗೆ ಕರೆಸಿಕೊಂಡವರನ್ನು ನಾಯಿ ಕಚ್ಚಿದರೆ ಹೊಣೆ ಅದರ ಒಡೆಯನದೇ, ನಾವು ಹೇಗೂ ಹಣ ಕೊಡುತ್ತಿದ್ದೆವು ಎಂದ. ನನ್ನ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ.

ಬಿಲ್ಲು, ಕೈಯ ವ್ಯಾಯಾಮದ ಚಿಕಿತ್ಸೆ, ಎಲ್ಲ ನಮ್ಮ ವಿಮೆಯಿಂದ ಹೋಯಿತು. ಕೋಕೋಗೂ ಏನೂ ಆಗಲಿಲ್ಲ. ವನಜಕ್ಕನ ಹೆಬ್ಬೆರಳು ಮುಕ್ಕಾಲು ಪಾಲು ಬಾಗುತ್ತದೆ. ಹುಕ್ಕು ಹಾಕುವ ಕೆಲಸ ಬಿಟ್ಟು ಉಳಿದ ಹೊಲಿಗೆಯನ್ನೆಲ್ಲ ಮತ್ತೆ ಮಾಡುತ್ತಿದ್ದಾರೆ. ನಾವು ಅವರಲ್ಲಿಗೆ ಹೋಗುತ್ತೇವೆ. ಅವರು ನಮ್ಮ ಮನೆಗೆ ಬರುವುದಿಲ್ಲ. ಕರೆದಾಗಲೆಲ್ಲ ಅಂಕಲ್‌ಗೆ ಡ್ರೈವ್ ಮಾಡುವುದು ಕಷ್ಟ ಅನ್ನುತ್ತಾರೆ. ನಾನು ನಂಬಿದಂತೆ ಇರುತ್ತೇನೆ.

ಕಳೆದ ಬೇಸಿಗೆಯಲ್ಲಿ ದಾವಣಗೆರೆಗೆ ಹೋಗಿದ್ದೆ. ಬೆಳಿಗ್ಗೆ ನನ್ನ ಒಡಹುಟ್ಟಿದ ಅಕ್ಕನ ಮನೆಯ ಮುಂದೆ ಸೊಪ್ಪು ಮಾರುವ ಹೊನ್ನಮ್ಮ, ತೊಳೆದಿಟ್ಟ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಅಕ್ಕ ಓಡಿಹೋಗಿ ಅವಳನ್ನು ಎಬ್ಬಿಸಿ ಕಟ್ಟೆಯ ಮೇಲೆ ಕೂರಿಸಿದಳು, ಮೊಣಕಾಲು ನೀವಿದಳು, ಚೆಲ್ಲಿದ ಸೊಪ್ಪು ಆರಿಸತೊಡಗಿದಳು. ನಾನೂ ಓಡಿಹೋಗಿದ್ದೆ. ಆದರೆ ಫೋನ್ ತೆಗೆದು ಒದ್ದೆ ಮೆಟ್ಟಿಲಿನ ಫೋಟೊ ಹೊಡೆಯುತ್ತಿದ್ದೆ, ಮೂಲೆ ಒಡೆದಿದ್ದ ಕಲ್ಲಿನದು, ಮೇಲಿನಿಂದ ಒಂದು, ಪಕ್ಕದಿಂದ ಒಂದು.

“ಅದ್ಯಾಕೆ ಕಲ್ಲಿನ ಫೋಟೊ ಹೊಡೀತಿದೀಯ?” ಅಂದಳು ಅಕ್ಕ.

ಹೊನ್ನಮ್ಮ ಮೊಣಕಾಲು ಒತ್ತಿಕೊಳ್ಳುತ್ತಲೇ ನನ್ನ ಕಡೆ ನೋಡಿ ನಕ್ಕು, “ನಂದೂ ಒಂದು ತೆಗಿಯವ್ವ” ಅಂದಳು. ಸೆರಗು ಸರಿಮಾಡಿಕೊಂಡು, ಮೆಂತ್ಯದ ಕಟ್ಟೊಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಳು. ತೆಗೆದೆ.

ನನ್ನ ಫೋನಿನಲ್ಲಿ ಈಗ ಆ ಫೋಟೊಗಳು ಅಕ್ಕಪಕ್ಕ ಇವೆ. ಒಡೆದ ಮೆಟ್ಟಿಲಿನವು ಎರಡು, ಹೊನ್ನಮ್ಮನದು ಒಂದು. ಇಲ್ಲಿ ರಾಬಿನ್ಸ್‌ವಿಲ್‌ನಲ್ಲಿ ಕೂತು ಒಮ್ಮೊಮ್ಮೆ ನೋಡುತ್ತೇನೆ. ಮೆಟ್ಟಿಲಿನವನ್ನು ಅಳಿಸಿಬಿಡಬೇಕು ಎಂದುಕೊಳ್ಳುತ್ತೇನೆ, ಇನ್ನೂ ಅಳಿಸಿಲ್ಲ.