ನೀರುಗಂಟಿ ಕಲಿಸಿದ ಕ್ಯಾಮೆರಾ

ಅವರ ಪಾದಗಳು ಬೇಸಗೆಯಲ್ಲೂ ಒಣಗಿದ್ದನ್ನು ನಾನು ಕಂಡಿಲ್ಲ. ಬೆರಳ ಸಂದುಗಳು ಬೆಳ್ಳಗೆ ಸುಕ್ಕಾಗಿ, ಹಿಮ್ಮಡಿಯ ಬಿರುಕಿನಲ್ಲಿ ಯಾವಾಗಲೂ ಹಸಿಮಣ್ಣು. ಆ ಪಾದವನ್ನು ಕಾಲುವೆಗಿಟ್ಟು, ತೂಬು ಎಷ್ಟು ಬೆರಳು ತೆರೆದಿದೆ ಎಂದು ಅಲ್ಲಿಂದಲೇ ಹೇಳಿಬಿಡುತ್ತಿದ್ದರು. ಮಂಡ್ಯದ ಕಡೆಗೆ ಹೊಸ ನಾಲೆಯ ನೀರು ಬಂದ ಕಾಲ ಅದು. ಕಿರುಗಾವಲಿನ ಆಚೆ ನಾನು ಮೇಷ್ಟ್ರಾಗಿದ್ದ ಪುಟ್ಟ ಹಳ್ಳಿಗೆ ಮಾತ್ರ ಇನ್ನೂ ಕೆರೆಯೇ ಗತಿ. ಆ ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಅವರು. ಊರವರೆಲ್ಲ ಏಕವಚನದಲ್ಲೇ ಕೂಗುತ್ತಿದ್ದರು. ನಾನೂ ಕೂಗಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಶಿವನಸಮುದ್ರದ ಕರೆಂಟಿನ ಕೆಲಸದಲ್ಲಿದ್ದ ನನ್ನ ಭಾವ ಒಂದು ಹಳೆಯ ಮಡಚುವ ಕ್ಯಾಮೆರಾ ಕೊಟ್ಟಿದ್ದರು. ಅದಕ್ಕೆ ಎರಡು ಕಡ್ಡಿ. ಒಂದು, ಬೆಳಕು ಬರುವ ಕಣ್ಣನ್ನು ಹಿಗ್ಗಿಸಿ ಕುಗ್ಗಿಸುವುದು. ಇನ್ನೊಂದು, ಆ ಕಣ್ಣು ಎಷ್ಟು ಹೊತ್ತು ತೆರೆದಿರಬೇಕೆಂದು ಗೊತ್ತುಮಾಡುವುದು. ಯಾವುದನ್ನು ಎಲ್ಲಿಡಬೇಕೆಂದು ಹೇಳುವವರಿಲ್ಲ. ಎತ್ತುಗಳ ಹಿಂದೆ ಓಡಾಡುವ ಬೆಳ್ಳಕ್ಕಿಗಳ ಪಟ ತೆಗೆದು, ತೊಳೆಸಲು ಮೈಸೂರಿಗೆ ಕಳಿಸಿದೆ. ಎಂಟರಲ್ಲಿ ಐದು ಬರೀ ಸುಣ್ಣ, ಎರಡು ಬರೀ ಮಸಿ. ಉಳಿದ ಒಂದರಲ್ಲಿ ಎತ್ತಿಗೆ ಎರಡು ತಲೆ.

ನೋಡಿದವರೆಲ್ಲ ನಕ್ಕರು. ನೀರುಗಂಟಿ ಮಾತ್ರ ಕೆರೆಯ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಆ ಕಡ್ಡಿಗಳನ್ನು ಆಡಿಸಿ ಆಡಿಸಿ ನೋಡಿದರು. ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಗೆ ತೊಡೆ ತಟ್ಟಿಕೊಂಡರು.

“ಅಯ್ಯೋ, ಇದು ತೂಬು ಕಣ್ ಮೇಷ್ಟ್ರೇ! ಅಗಲ್ವಾಗಿ ತೆಗ್ದು ಬಿರ್ನೆ ಮುಚ್ಚುದ್ರೂ ಗದ್ದೆ ತುಂಬ್ತದೆ, ಸಣ್ಣಗೆ ಬುಟ್ಟು ಬಾಳ ವೊತ್ತು ಕಾದ್ರೂ ತುಂಬ್ತದೆ. ಬೆಳ್ಳಕ್ಕಿ ಕಾಯ್ತದಾ? ಕಾಯಾಕಿಲ್ಲ. ಅದ್ಕೇ ಬಿರ್ನೆ ಮುಚ್ಬೇಕು.”

“ಹಾಗಾದರೆ ಯಾವಾಗಲೂ ಅಗಲವಾಗಿಯೇ ತೆಗೆದರಾಯಿತಲ್ಲ?”

“ಮದ್ಯಾನ್ದ ಬಿಸ್ಲು ಅಂದ್ರೆ ತುಂಬಿದ್ ಕೆರೆ. ಅಗಲ್ವಾಗಿ ತೆಗುದ್ರೆ ಗದ್ದೆ ಕೊಚ್ಕಂಡೋಯ್ತದೆ. ಮೊದ್ಲು ಕೆರೆ ನೋಡಿ, ಆಮೇಲೆ ತೂಬಿಗೆ ಕೈ ಆಕಿ.”

ಮುಂದಿನ ಸುರುಳಿಯಲ್ಲಿ ಬೆಳ್ಳಕ್ಕಿಯ ಗರಿಗರಿಯೂ ಕಂಡಿತು.

ಆ ಚಳಿಗಾಲದಲ್ಲಿ ಏರಿಗೊಂದು ತೂತು ಬಿತ್ತು. ಸೋರಿದ ನೀರು ಹೋಗಿ ಹೋಗಿ ನೀರುಗಂಟಿಯ ತಮ್ಮನ ಗದ್ದೆಗೇ ಇಳಿಯುತ್ತಿತ್ತು. ಇವರೇ ಕೊರೆದಿದ್ದಾರೆಂದು ಪಟೇಲರು ತೀರ್ಮಾನಿಸಿಬಿಟ್ಟರು.

“ನೀರ್ನಾಯಿ ಕೊರ್ದದೆ ಬುದ್ದಿ, ಒತ್ತಾರೆ ಬಂದ್ ನೋಡಿ,” ಎಂದು ಇವರು ಕೈಮುಗಿದರು.

“ಲೇ, ನಾನು ಉಟ್ದಾಗಿಂದ ಈ ಕೆರೇಲಿ ನೀರ್ನಾಯಿ ಕಂಡಿಲ್ಲ ಕಣ್ಲಾ. ಸಂಕ್ರಾಂತಿ ಒಳ್ಗೆ ತೋರ್ಸು, ಇಲ್ದಿದ್ರೆ ತೂಬಿಂದ ಕೈ ತೆಗಿ.”

ಪಟೇಲರು ಎರಡು ಸಲ ಬಂದರು, ಆಳುಗಳ ಜೊತೆ, ಮೆಟ್ಟು ಕಿರುಗುಟ್ಟಿಸುತ್ತ. ಯಾವ ನೀರುನಾಯಿ ತಾನೇ ಹೊರಗೆ ಬಂದೀತು? ನೀರುಗಂಟಿಗೆ ಅಪ್ಪನಿಂದ ಬಂದ ಕೆಲಸ ಕೈತಪ್ಪುವುದರಲ್ಲಿತ್ತು. ಪಟ ತೆಗೆಯೋಣ ಎಂದವನು ನಾನೇ. ಧೈರ್ಯವೇನೂ ಇರಲಿಲ್ಲ, ಅವರ ಮುಖ ನೋಡಲಾಗಲಿಲ್ಲ ಅಷ್ಟೇ.

ಹೊತ್ತು ಹುಟ್ಟಿ ಸ್ವಲ್ಪ ಮೇಲೆ ಬರುವಾಗ ಇಬ್ಬರೂ ತೂತಿನಿಂದ ಎರಡು ಮಾರು ದೂರದ ಜೊಂಡಿನಲ್ಲಿ ಕೂತೆವು. ಕ್ಯಾಮೆರಾದ ಕಣ್ಣು ಅಗಲವಾಗಿ ತೆರೆದಾಗ ದೂರದ ಅಳತೆ ತಪ್ಪಿದರೆ ಪಟ ಮಸುಕಾಗುತ್ತದೆ ಎಂದಿದ್ದೆ; ಹಿಂದಿನ ಸಂಜೆಯೇ ತೋಳು ಚಾಚಿ ಅಳೆದಿಟ್ಟಿದ್ದರು. ತಮ್ಮ ಕಂಬಳಿಯನ್ನು ನನಗೆ ಹೊದಿಸಿದರು. “ನನ್ ವಾಸ್ನೆ ಅವ್ಕೆ ಗೊತ್ತು, ನಿಮ್ದು ಗೊತ್ತಿಲ್ಲ.”

ನೀರು ಸೀಳಿಕೊಂಡು ಒಂದು ತಲೆ ಬಂತು. ಬಾಯಲ್ಲಿ ಮೀನು. ಕ್ಯಾಮೆರಾ ಎತ್ತಿ ಹಿಡಿದೆ. ಇನ್ನೇನು ಒತ್ತಬೇಕು, ಅವರ ತಣ್ಣನೆಯ ಪಾದ ನನ್ನ ಮೊಣಕಾಲನ್ನು ತಿವಿಯಿತು.

“ತೂಬು,” ಎಂದು ಉಸುರಿದರು. “ಕಡ್ಡಿ ನೆನ್ನೆ ಮದ್ಯಾನ್ದ ಜಾಗ್ದಲ್ಲೇ ಅದೆ.”

ನೋಡಿದೆ. ಹೌದು! ಬೆಳ್ಳಕ್ಕಿಗೆಂದು ಉರಿಬಿಸಿಲಿನಲ್ಲಿ ಕುಗ್ಗಿಸಿದ್ದ ಕಣ್ಣು ಹಾಗೇ ಇತ್ತು. ಈ ಎಳೆಬಿಸಿಲಿಗೆ ಒತ್ತಿದ್ದರೆ ಬರೀ ಮಸಿ. ಪೂರ್ತಿ ಹಿಗ್ಗಿಸಿದೆ. ನೀರುನಾಯಿ ತೂತಿನ ಬಾಯಿಗೆ ಹತ್ತಿ ಮೈ ಕೊಡವಿತು. ಒತ್ತಿದೆ. ಆ ಸದ್ದಿಗೇ ಅದು ಒಳಗೆ ಮಾಯವಾಯಿತು.

ಸಂಕ್ರಾಂತಿಗೆ ಎರಡು ದಿನ ಇರುವಾಗ ಮೈಸೂರಿನಿಂದ ಪಟ ಬಂತು. ಪಟೇಲರು ಹಿಂದೆ ಮುಂದೆ ತಿರುಗಿಸಿ ನೋಡಿ, “ಸರಿ, ತೂತ ಮುಚ್ಸು ಓಗ್ಲಾ,” ಅಂದರು. ತಪ್ಪಾಯಿತು ಎನ್ನುವುದು ಅವರಿಗೆ ಅಷ್ಟೇ ಬರುತ್ತಿದ್ದದ್ದು.

ನೀರುಗಂಟಿಗೆ ಅದು ಕೇಳಿಸಿತೋ ಇಲ್ಲವೋ. ನೀರುನಾಯಿಯ ಮೈಯಿಂದ ಚಿಮ್ಮಿ ಗಾಳಿಯಲ್ಲಿ ನಿಂತಿದ್ದ ಹನಿಗಳನ್ನೇ ಬಗ್ಗಿ ನೋಡುತ್ತಿದ್ದರು.

“ಮೇಷ್ಟ್ರೇ, ನೀರು ನಿಂತದೆ! ನಮ್ಮಪ್ಪನ ಕಾಲ್ದಿಂದ್ಲೂ ನಿಲ್ಸ್ತಾನೇ ಇವ್ನಿ, ಇಂಗೆ ನಿಂತದ್ದ ಕಂಡಿರ್ನಿಲ್ಲ.”

ಪಟ ಅವರಿಗೇ ಕೊಟ್ಟುಬಿಟ್ಟೆ.

ಕೆಲವು ವರ್ಷಗಳ ಮೇಲೆ, ವರ್ಗವಾಗಿ ಮದ್ದೂರಿನಲ್ಲಿದ್ದಾಗ, ಅವರು ತೀರಿಕೊಂಡ ಸುದ್ದಿ ತಲುಪಿತು. ಹೋದೆ. ಅವರ ಹೆಂಡತಿ ಗೋಡೆಯ ಗೂಡಿನಿಂದ ಪಟ ತೆಗೆದು ನನ್ನ ಕೈಗಿಟ್ಟರು. “ಕೆರೆಯಿಂದ ಬಂದೇಟ್ಗೆ ದಿನಾ ನೋಡೋರು ಕಣಪ್ಪ.” ನೀರುನಾಯಿ, ಮೀನು, ತೂತು ಎಲ್ಲ ಇದ್ದಂತೆಯೇ ಇದ್ದವು. ಹನಿಗಳಿದ್ದ ಜಾಗ ಮಾತ್ರ, ಒದ್ದೆ ಹೆಬ್ಬೆರಳು ಆಡಿ ಆಡಿ, ಬೆಳ್ಳಗೆ ಸವೆದುಹೋಗಿತ್ತು.